ಬುಟ್ಟಿಯವಳ ಮಾತು

ಚಿತ್ತವಾಡ್ಗಿ, ಹೊಸಪೇಟೆ
4 ಫೆಬ್ರುವರಿ 2024

ಕಂಪ್ಲಿಯ ತೋಟಪ್ಪನವರಿಗೆ ಭವ್ಯಳ ನಮಸ್ಕಾರಗಳು.

ನೀವು ನನ್ನನ್ನು ನೋಡಿದ್ದರೆ ತೊಟ್ಟಿಲಲ್ಲಿ ನೋಡಿರಬೇಕು. ನಾನು ಚೋರನೂರು ನಾಗೇಂದ್ರಪ್ಪನ ಮಗಳು. ಸಂಡೂರಿನ ಗಣಿ ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದು, ಗಣಿ ಕಾಲೊನಿಗೆ ನಾಟಕ ಬರೆದುಕೊಡುತ್ತಿದ್ದ ನಾಗೇಂದ್ರಪ್ಪ. ಅಪ್ಪ ಜ್ವರದಲ್ಲಿ ತೀರಿಕೊಂಡಾಗ ನನಗಿನ್ನೂ ಹಲ್ಲು ಬಂದಿರಲಿಲ್ಲ. ಈಗ ಒಂದು ಕಾರ್ಖಾನೆಯಲ್ಲಿ ಮೀಟರು, ಸೆನ್ಸರು ರಿಪೇರಿ ಮಾಡುವ ಕೆಲಸದಲ್ಲಿದ್ದೇನೆ.

ಅಪ್ಪನ ಕೊನೆಯ ನಾಟಕ ‘ಗುಡ್ಡ ಮಾರಿದ ದೊರೆ’. ಅದನ್ನು ಅವರು ಕಾಗದದ ಮೇಲೆ ಬರೆಯಲೇ ಇಲ್ಲವಂತೆ. ಊಟದ ಬಿಡುವಿನಲ್ಲಿ ಕೂತು ಕಚೇರಿಯ ಕಂಪ್ಯೂಟರಿನಲ್ಲೇ ಟೈಪ್ ಮಾಡಿದರಂತೆ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ. ಆ ಯಂತ್ರದ ಹೆಸರು ಮೇಧಾ-16. ಸಿಕಂದರಾಬಾದಿನ ಒಂದು ಸಣ್ಣ ಕಾರ್ಖಾನೆ ಮಾಡಿದ್ದು, ಬೀರುವಿನಷ್ಟು ದೊಡ್ಡದು. ಕಚೇರಿಯವರು ಅದನ್ನು ಗುಜರಿಗೆ ಹಾಕಿದಾಗ ಅಪ್ಪನ ಡಿಸ್ಕನ್ನು ಅವ್ವನ ಕೈಗೆ ಕೊಟ್ಟರು. ರೊಟ್ಟಿ ಹಂಚಿಗಿಂತ ಅಗಲವಾದ ಒಂದು ತಟ್ಟೆ, ಮುಚ್ಚಳದ ಡಬ್ಬಿಯೊಳಗೆ. ಇವತ್ತಿಗೂ ದೇವರ ಜಗಲಿಯ ಮೇಲಿದೆ.

ಅವ್ವ, ಅಂದರೆ ಉಚ್ಚಂಗೆಮ್ಮ, ಅದೇ ಗಣಿಯಲ್ಲಿ ಅದಿರಿನ ಬುಟ್ಟಿ ಹೊತ್ತವಳು. ನಿಮಗೆ ನೆನಪಿರಬಹುದು. ನಾಟಕದಲ್ಲೂ ಒಬ್ಬ ಬುಟ್ಟಿಯವಳು ಇದ್ದಾಳಂತೆ. ಅವ್ವ ಅನ್ನುತ್ತಾಳೆ: “ಕೊನೀ ಅಂಕದಾಗ ಆಕಿ ಬಾಯಾಗ ನಿನಗಂತ ಒಂದು ಮಾತು ಇಟ್ಟೀನಿ ಅಂದಿದ್ದ ನಿಮ್ಮಪ್ಪ. ಏನ್ ಮಾತು ಅಂತ ಹೇಳಲಿಲ್ಲ. ಅದೊಂದು ಕೇಳಿ ಸಾಯಬೇಕವ್ವ.” ಅವಳ ಕಣ್ಣು ಮಂಜಾಗುತ್ತಿದೆ. ಕಿವಿ ಮಾತ್ರ ಚೆನ್ನಾಗಿದೆ.

ಅಪ್ಪನ ನಾಟಕಗಳಲ್ಲಿ ದೊಡ್ಡ ಪಾರ್ಟುಗಳೆಲ್ಲ ನಿಮ್ಮವೇ ಆಗಿದ್ದವಂತೆ. ಆ ನಾಟಕ ನಿಮ್ಮ ಹತ್ತಿರ ಇದೆಯೇ? ಇಲ್ಲವಾದರೆ ಆ ಯಂತ್ರದ ಪುಸ್ತಕ, ಟೇಪು, ಏನಾದರೂ? ನೀವು ಫೋನಿನಲ್ಲಿ ಮಾತಾಡುವುದಿಲ್ಲ ಎಂದು ಕಾಲೊನಿಯವರು ಹೇಳಿದರು. ಅದಕ್ಕೇ ಈ ಪತ್ರ.

ಇಂತಿ,
ಭವ್ಯ


ಕಂಪ್ಲಿ
11 ಫೆಬ್ರುವರಿ 2024

ಮಗಳೇ! ನಾಗೇಂದ್ರನ ಮಗಳೇ!

ಟಪಾಲಿನವನು ನಿನ್ನ ಕಾಗದ ಕೊಟ್ಟಾಗ ನಾನು ಅಕ್ಕಿ ಗಿರಣಿಯ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಒಡೆದೆ. ಓದಿದೆ. ಎದ್ದೆ. ಎಡಗಾಲು ಮುಂದಿಟ್ಟು, ಎದೆ ಎತ್ತಿ, ಆಕಾಶಕ್ಕೆ ಕೈ ಚಾಚಿ, ‘ನಾಗೇಂದ್ರಾ!’ ಎಂದು ಘರ್ಜಿಸಿದೆ. ಭತ್ತ ಹರವುತ್ತಿದ್ದ ಹೆಣ್ಣಾಳುಗಳಲ್ಲಿ ಒಬ್ಬಳಾದರೂ ತಲೆ ಎತ್ತಿದಳೇ? ಇಲ್ಲ. ದನಿಯೇ ಹೊರಡಲಿಲ್ಲ, ತಾಯಿ! ಎರಡು ವರ್ಷದ ಹಿಂದೆ ಗಂಟಲಲ್ಲಿ ಗಡ್ಡೆ ಎದ್ದು, ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ಕಿತ್ತುಹಾಕಿದರು. ಮೈಕು ಕೆಟ್ಟ ದಿನ ಕಾಲೊನಿಯ ಕೊನೆಯ ಸಾಲಿನಲ್ಲಿ ಮಲಗಿದ್ದ ಕೂಸನ್ನು ಎಬ್ಬಿಸುತ್ತಿದ್ದ ಗಂಟಲು ಇದು! ಈಗ ಕತ್ತಿನಲ್ಲೊಂದು ತೂತು, ಕೊರಳಿನಲ್ಲೊಂದು ಸ್ಲೇಟು. ಸ್ಲೇಟಿನ ಮೇಲೆ ಎಷ್ಟು ಗುಡುಗಲಿ? ಮೊಬೈಲಿನ ಗಾಜಿನ ಮೇಲೆ ನನ್ನ ಬೆರಳು ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತವೆ. ಹಾಗಾಗಿ ಕಾಗದ! ಇನ್ನು ಮುಂದೆ ಕಾಗದವೇ ನನ್ನ ರಂಗ, ನೀನೇ ನನ್ನ ಪ್ರೇಕ್ಷಕಿ.

ಈಗ ಕೇಳು. ಇಡೀ ನಾಟಕ ನನ್ನಲ್ಲಿ ಇಲ್ಲ. ಯಾರಲ್ಲೂ ಇರಲಿಲ್ಲ. ನಮ್ಮ ನಾಟಕದವರ ಪದ್ಧತಿಯೇ ಹಾಗೆ. ಪ್ರತಿಯೊಬ್ಬ ನಟನಿಗೆ ಅವನವನ ಪಾರ್ಟು ಮಾತ್ರ ಕೊಡುವುದು. ಎದುರಿನವನ ಮಾತಿನಲ್ಲಿ ಕೊನೆಯ ಎರಡು ಪದ, ಅಷ್ಟೇ. ಆ ಎರಡು ಪದ ಕಿವಿಗೆ ಬಿದ್ದೊಡನೆ ನಾವು ಎತ್ತಿಕೊಳ್ಳಬೇಕು. ನಾನು ದೊರೆ! ಸೋಮಾರಿತನಕ್ಕೂ ಶೋಕಿಗೂ ತನ್ನ ಊರಿನ ಗುಡ್ಡವನ್ನೇ ಪರದೇಶದ ವ್ಯಾಪಾರಿಗೆ ಮಾರಿದ ದೊರೆ. ಮೂರು ಅಂಕಗಳ ನನ್ನ ಪಾರ್ಟನ್ನು ನಾಗೇಂದ್ರ ಮುದ್ರಿಸಿ ಕೊಟ್ಟಿದ್ದ. ಕಾಗದವನ್ನು ಗೆದ್ದಲು ತಿಂದಿತು. ಮಾತು ಮಾತ್ರ ಎದೆಯಲ್ಲಿದೆ. ಆಡಿದ ನಾಟಕ ಮರೆತುಹೋಗುತ್ತದೆ, ಮಗಳೇ. ಆಡದೆ ಉಳಿದದ್ದು ಹೋಗುವುದಿಲ್ಲ.

ಮೂರನೆಯ ಅಂಕದ ಕೊನೆಗೆ ಬುಟ್ಟಿಯವಳು ಕೋಟೆಯ ಬಾಗಿಲಲ್ಲಿ ದೊರೆಯನ್ನು ತಡೆದು ಏನೋ ಕೇಳುತ್ತಾಳೆ. ನನ್ನ ಪಾರ್ಟಿನಲ್ಲಿ ಇದ್ದದ್ದು ‘...ಯಾರಿಗೆ ಮಾರಿದಿ?’ ಅಷ್ಟೇ. ಪರದೆ! ಅವಳು ಪೂರಾ ಏನು ಕೇಳಿದಳು? ದೊರೆ ಏನು ಹೇಳಿದ? “ನಾಲ್ಕನೇ ಅಂಕ ಟೈಪ್ ಮಾಡೀನಿ ತೋಟಪ್ಪಣ್ಣ, ಸೋಮವಾರ ಪಾರ್ಟು ತೆಗದು ಕೊಡ್ತೀನಿ” ಅಂದಿದ್ದ. ಸೋಮವಾರ ನಾವು ಅವನಿಗೆ ಹೆಗಲು ಕೊಟ್ಟೆವು. ಒಂದು ರಿಹರ್ಸಲ್ಲೂ ಆಗಲಿಲ್ಲ. ಬುಟ್ಟಿಯವಳ ವೇಷ ಹಾಕಬೇಕಿದ್ದ ಹಂಪೇಶ್ ಕೂಡ ತೀರಿಕೊಂಡ, ಅವನ ಮನೆ ಬಿದ್ದು ಆ ಪಾರ್ಟಿನ ಕಾಗದವೂ ಹೋಯಿತು.

ಮೂವತ್ತೈದು ವರ್ಷದಿಂದ ಕೋಟೆಯ ಬಾಗಿಲಲ್ಲಿ ಬಾಯಿ ತೆರೆದು ನಿಂತ ದೊರೆ ನಾನು. ಆ ಯಂತ್ರವನ್ನು ಎಬ್ಬಿಸು ತಾಯಿ! ಅದಕ್ಕೆ ಏನು ಬೇಕು ಹೇಳು, ತರುತ್ತೇನೆ!

ನಿನ್ನ ದೊಡ್ಡಪ್ಪನೆಂದೇ ತಿಳಿ,
ತೋಟಪ್ಪ


ಹೊಸಪೇಟೆ
17 ಮಾರ್ಚ್ 2024

ದೊಡ್ಡಪ್ಪನಿಗೆ ನಮಸ್ಕಾರ.

ಸುದ್ದಿ ಚೆನ್ನಾಗಿಲ್ಲ. ಬೆಂಗಳೂರಿನಲ್ಲಿ ಕೆಟ್ಟ ಡಿಸ್ಕುಗಳಿಂದ ಮಾಹಿತಿ ತೆಗೆಯುವ ಅಂಗಡಿಯವರಿಗೆ ಫೋಟೋ ಕಳಿಸಿದೆ. “ಮೇಡಂ, ಇದು ಕೇಕಿನ ಡಬ್ಬಿನಾ?” ಎಂದು ಕೇಳಿದರು. ಹಳೆಯ ಕಂಪ್ಯೂಟರುಗಳನ್ನು ಎಬ್ಬಿಸುವುದೇ ಹವ್ಯಾಸವಾದ ಜನ ದೇಶ ವಿದೇಶಗಳಲ್ಲಿ ಇದ್ದಾರೆ. ಅವರ ಗುಂಪುಗಳಿಗೆಲ್ಲ ಬರೆದೆ. ಮೇಧಾ-16ರ ಹೆಸರನ್ನೇ ಯಾರೂ ಕೇಳಿಲ್ಲ. ಸಿಕಂದರಾಬಾದಿನ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದೆ. ಆ ಜಾಗದಲ್ಲಿ ಈಗ ಕಲ್ಯಾಣ ಮಂಟಪ.

ಸಿಕ್ಕಿದ್ದು ಒಂದೇ. ಬಂಡ್ರಿಯ ಗುಜರಿ ಪರಶುರಾಮ್ ಅನ್ನುವವರ ಹಿತ್ತಲಲ್ಲಿ ಅಪ್ಪನ ಕಚೇರಿಯ ಅದೇ ಯಂತ್ರ ನಿಂತಿದೆ. ಒಡೆಯುವುದಕ್ಕೆ ಅವರಿಗೆ ಪುರುಸೊತ್ತಾಗಿಲ್ಲ.

“ಆ ಬೀರು ಬ್ಯಾಡ ಬಿಡ್ರಿ ಮೇಡಂ,” ಅಂದರು. “ಅದರಾಗ ನಮ್ಮ ಜವಾರಿ ಕೋಳಿ ಮರಿ ಮಾಡ್ಯಾವು.”

“ಅದು ಬೀರು ಅಲ್ರಿ, ಕಂಪ್ಯೂಟರ್.”

“ಕೋಳಿಗೇನ್ ಗೊತ್ತು?”

ಕೊನೆಗೆ ಬೇರೆ ಗೂಡು ಮಾಡಿಸಿಕೊಟ್ಟರೆ ಒಯ್ಯಿರಿ ಎಂದರು. ಕಬ್ಬಿಣದ ಗೂಡು ಬೆಸುಗೆ ಹಾಕಿಸಿ ಕೊಟ್ಟು, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದೆ. ಡಿಸ್ಕು ಕೂರುವ ಡ್ರೈವಿನೊಳಗೆ ಒಂದು ಮೊಟ್ಟೆ ಇತ್ತು. ಯಂತ್ರ ಈಗ ನಮ್ಮ ಪಡಸಾಲೆಯಲ್ಲಿದೆ, ಹಿಕ್ಕೆಯ ವಾಸನೆ ಇನ್ನೂ ಹೋಗಿಲ್ಲ. ಅವ್ವ ಅದರ ಸುತ್ತ ಕೈಯಾಡಿಸಿ, “ಇದರ ಮುಂದ ಕುಂದರತಿದ್ದನೇನು?” ಎಂದಳು.

ಪುಸ್ತಕವಿಲ್ಲದೆ ನಾನು ಇದಕ್ಕೆ ಕರೆಂಟು ಕೊಡಲಾರೆ. ಮುಂದಿನ ಫಲಕದಲ್ಲಿ ಒಂದು ಸಾಲು ಸ್ವಿಚ್ಚುಗಳಿವೆ, ಅದರ ಮೇಲೊಂದು ಸಾಲು ದೀಪಗಳು. ಯಾವುದನ್ನು ಮೊದಲು ಒತ್ತಬೇಕೋ ಗೊತ್ತಿಲ್ಲ. ತಪ್ಪಿದರೆ ಸುಟ್ಟುಹೋಗುತ್ತದೆ. ಯಂತ್ರವನ್ನು ರಿಪೇರಿ ಮಾಡಲು ಬರುತ್ತಿದ್ದ ಒಬ್ಬರು ಸಂಡೂರಿನಲ್ಲೇ ನೆಲೆಸಿದ್ದರಂತೆ. ಮಾರುತೇಶ್ ಎಂಬ ಹೆಸರು. ಇದ್ದಾರೋ ಇಲ್ಲವೋ.

ನಿಮ್ಮ ಮಗಳು,
ಭವ್ಯ


ಕಂಪ್ಲಿ
2 ಮೇ 2024

ಮಗಳೇ,

ಇದ್ದಾನೆ! ಮಾರುತೇಶ ಇದ್ದಾನೆ! ಪರದೆ ಸರಿಸುತ್ತೇನೆ, ನೋಡು.

ಸ್ಥಳ: ಸಂಡೂರು. ಸಮಯ: ತಲೆ ಸೀಳುವ ಬಿಸಿಲು. ಆರಡಿ ಎತ್ತರದ ಮುದುಕ, ಹೆಗಲ ಮೇಲೆ ಟವೆಲು, ಕೊರಳಿನಲ್ಲಿ ಸ್ಲೇಟು, ಬಾಗಿಲು ಬಡಿಯುತ್ತಾನೆ. ತೆರೆದವಳು ಮಾರುತೇಶನ ಹೆಂಡತಿ ತಿಪ್ಪಕ್ಕ. ನನ್ನ ಆಕಾರ ನೋಡಿ ಒಳಗೆ ಕೂಗಿದಳು: “ಏನ್ರೀ, ಮಠದೋರು ಬಂದಾರ, ಒಂದು ಸೇರು ಅಕ್ಕಿ ತರ್ರಿ!” ನಾನು ಸ್ಲೇಟಿನ ಮೇಲೆ ‘ಮೇಧಾ’ ಎಂದು ಬರೆದು ಎತ್ತಿ ಹಿಡಿದೆ.

“ಮೇಧಾ ಅನ್ನೋ ಹೆಣ್ಮಗಳು ಈ ಓಣ್ಯಾಗ ಯಾರೂ ಇಲ್ರಿ.”

ಮಾರುತೇಶ ಹೊರಗೆ ಬಂದ. ಸ್ಲೇಟು ನೋಡಿದ. ಕಟ್ಟೆಯ ಮೇಲೆ ಕೂತ. “ಆ ಹೆಸರು ತೆಗೀಬ್ಯಾಡ್ರಿ. ನನ್ನ ಹರೇವೆಲ್ಲ ಅದರ ಹೊಟ್ಟ್ಯಾಗ ಹೋತು. ಒಂದು ಕಡಿ ರಿಪೇರಿ ಮಾಡಿದ್ರ ಇನ್ನೊಂದು ಕಡಿ ಮುನಿಸಿಕೊಂತಿತ್ತು.”

ಪುಸ್ತಕ ಎರಡು ಸಂಪುಟ ಇತ್ತಂತೆ. ಮೊದಲನೆಯದು? ರದ್ದಿಗೆ! ಮಂಡಕ್ಕಿ ಪೊಟ್ಟಣವಾಗಿ ಇಡೀ ಸಂಡೂರು ತಿರುಗಿ ಬಂದಿದೆ. ಎರಡನೆಯದು? ತಿಪ್ಪಕ್ಕನ ಅಡುಗೆಮನೆಯಲ್ಲಿ, ಗ್ರೈಂಡರಿನ ಒಂದು ಕಾಲಿನ ಕೆಳಗೆ! ನಾನು ಬಗ್ಗಿ ಎಳೆಯಲು ಹೋದೆ. ಅವಳು ಸೌಟು ಹಿಡಿದು ಅಡ್ಡ ನಿಂತಳು.

“ಅದನ್ನ ತೆಗದ್ರ ಗ್ರೈಂಡರ್ ಕುಣೀತೈತಿ. ಇಪ್ಪತ್ತು ವರ್ಷ ಆತು ಅದು ಅಲ್ಲೇ ಐತಿ. ನಾಳೆ ಇಡ್ಲಿಗೆ ನೀವು ರುಬ್ಬಿ ಕೊಡ್ತೀರೇನು?”

ನಾನು ನಿನ್ನವ್ವನ ಕಥೆಯನ್ನು ಸ್ಲೇಟಿನ ಮೇಲೆ ಬರೆದು, ಅಳಿಸಿ, ಬರೆದು, ಅಳಿಸಿ ತೋರಿಸಿದೆ. ಬಳಪ ಸವೆದು ಉಗುರಿನಷ್ಟಾಯಿತು. ತಿಪ್ಪಕ್ಕನಿಗೆ ಓದಲು ಬರುವುದಿಲ್ಲ, ಮಾರುತೇಶ ಓದಿ ಹೇಳಿದ. ಅವಳು ಸೌಟು ಕೆಳಗಿಟ್ಟಳು. “ಗಂಡನ ಮಾತು ಕೇಳಾಕ ಇಷ್ಟ್ ವರ್ಷ ಕಾದಾಳೇನು? ನನಗ ದಿನಾ ಕೇಳಿ ಕೇಳಿ ಸಾಕಾಗೈತಿ. ಒಯ್ರಿ!” ಎಂದಳು. ನಾನೂ ಮಾರುತೇಶನೂ ಸೇರಿ ಗ್ರೈಂಡರ್ ಎತ್ತಿ, ಅದೇ ದಪ್ಪದ ಒಂದು ಚಪ್ಪಡಿ ಹುಡುಕಿ ಇಟ್ಟೆವು.

ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಹಿಟ್ಟಿನ ಕಲೆ ಇದೆ, ಕ್ಷಮಿಸು. ಬೀಳ್ಕೊಡುವಾಗ ಮಾರುತೇಶ ನನ್ನ ಕೈ ಹಿಡಿದು ಹೇಳಿದ್ದನ್ನು ಬರೆಯದಿದ್ದರೆ ನಾನು ಕಳ್ಳನಾದೇನು: “ಆ ಹುಡುಗಿಗೆ ಭಾಳ ಆಸಿ ಹಚ್ಚಬ್ಯಾಡ್ರಿ, ಯಜಮಾನ್ರ. ಅದು ಹೊಸದಿದ್ದಾಗೇ ಮಾತು ಕೇಳತಿರಲಿಲ್ಲ.”

ತೋಟಪ್ಪ


ಹೊಸಪೇಟೆ
9 ಜೂನ್ 2024

ದೊಡ್ಡಪ್ಪ,

ಪುಸ್ತಕ ತಲುಪಿತು. ತಿಪ್ಪಕ್ಕನವರಿಗೆ ನನ್ನ ಕಡೆಯಿಂದ ಕೈ ಮುಗಿಯಿರಿ. ಡಿಸ್ಕಿನ ಭಾಗವೆಲ್ಲ ಇದರಲ್ಲಿದೆ. ಕೆಟ್ಟ ಕೆಪಾಸಿಟರುಗಳನ್ನು ಬದಲಾಯಿಸಿ ಮೊದಲ ಸಲ ಕರೆಂಟು ಕೊಟ್ಟೆ. ಫ್ಯಾನು ತಿರುಗಿತು. ಒಂದು ಕೋಳಿಯ ಪುಕ್ಕ ಹಾರಿ ಹೊರಗೆ ಬಂತು. ದೀಪಗಳು ಹತ್ತಿದವು, ಅಷ್ಟೇ. ಯಂತ್ರಕ್ಕೆ ಜೀವ ಇದೆ, ಬುದ್ಧಿ ಇಲ್ಲ. ಪ್ರತಿ ಸಲ ಎಬ್ಬಿಸುವಾಗ ಅದಕ್ಕೆ ಒಂದು ಆರಂಭದ ಪ್ರೋಗ್ರಾಂ ಉಣಿಸಬೇಕು. ಆಗಲೇ ಅದು ಡಿಸ್ಕನ್ನು ಓದುವುದು. ಆ ಪ್ರೋಗ್ರಾಂ ಇದ್ದದ್ದು ಒಂದು ಕಾಗದದ ಪಟ್ಟಿಯ ಮೇಲೆ: ಎರಡು ಬೆರಳಗಲ, ಕಪ್ಪು ಬಣ್ಣ, ಎಣ್ಣೆ ಹಚ್ಚಿದ ಹಾಗೆ ನುಣುಪು, ಉದ್ದಕ್ಕೂ ಸಣ್ಣ ತೂತುಗಳು. ಅದಿಲ್ಲದಿದ್ದರೆ ಇದು ಕೋಳಿ ಗೂಡೇ. ಮಾರುತೇಶರಿಗೆ ಫೋನ್ ಮಾಡಿದೆ. ಅವರಲ್ಲಿ ಇಲ್ಲ. ಬೇರೆ ಎಲ್ಲಿ ಹುಡುಕಲಿ, ನನಗೆ ತಿಳಿಯುತ್ತಿಲ್ಲ.

ಡಿಸ್ಕನ್ನಾದರೂ ಒಮ್ಮೆ ನೋಡೋಣವೆಂದರೆ ಅವ್ವ ಮುಟ್ಟಗೊಡುವುದಿಲ್ಲ. “ಮಷಿನ್ ಎದ್ದು ಕುಂದರಲಿ, ಆಗ ನಾನೇ ಇಳಿಸಿ ಕೊಡ್ತೀನಿ. ಅಲ್ಲೀತನ ಜಗಲಿ ಬಿಟ್ಟು ಇಳಿಯಾಂಗಿಲ್ಲ” ಎನ್ನುತ್ತಾಳೆ. ಅದೂ ಸರಿಯೇ. ಧೂಳು ಬೀಳಬಾರದು, ಕೊನೆಯ ಗಳಿಗೆವರೆಗೆ ಮುಚ್ಚಳ ತೆಗೆಯಬಾರದು ಎಂದು ಪುಸ್ತಕದಲ್ಲೂ ಇದೆ.

ಭವ್ಯ


ಕಂಪ್ಲಿ
30 ಜೂನ್ 2024

ಮಗಳೇ! ಮಗಳೇ! ಮಗಳೇ!

ಕಪ್ಪು ಪಟ್ಟಿ, ಸಣ್ಣ ತೂತು, ಎಣ್ಣೆಯ ನುಣುಪು! ಓದುತ್ತಿದ್ದಂತೆ ನನ್ನ ತಲೆ ಜುಮ್ಮೆಂದಿತು. ತಲೆಯೇ ಯಾಕೆ? ಆ ಪಟ್ಟಿ ಇದ್ದದ್ದೇ ನನ್ನ ತಲೆಯ ಮೇಲೆ!

ನಾಟಕಕ್ಕೆ ದೊರೆಯ ಕಿರೀಟ ಮಾಡುವಾಗ ರಟ್ಟು ಸಡಿಲವಾಗಿತ್ತು. “ಇದನ್ನ ಸುತ್ತರಿ ಅಣ್ಣ, ಹಳೇ ಟೇಪು, ಇನ್ನೊಂದು ಐತಿ ನನ್ನ ಕಡಿ” ಎಂದು ನಿನ್ನಪ್ಪನೇ ಒಂದು ಸುರುಳಿ ತಂದುಕೊಟ್ಟ. ಮೈದಾ ಅಂಟು ಹಚ್ಚಿ ಸುತ್ತು ಸುತ್ತಾಗಿ ಬಿಗಿದು, ಮೇಲೆ ಚಿನ್ನದ ಕಾಗದ ಮೆತ್ತಿದೆವು. ಆ ಕಿರೀಟ ಎಲ್ಲಿ? ದನಿ ಹೋದ ತಿಂಗಳೇ ವೇಷದ ಟ್ರಂಕನ್ನು ಹಂಪಿಯ ಜಂಬಕ್ಕನಿಗೆ ಕೊಟ್ಟುಬಿಟ್ಟಿದ್ದೆ. ಪ್ರವಾಸಿಗರಿಗೆ ರಾಜ ರಾಣಿಯ ವೇಷ ತೊಡಿಸಿ ಫೋಟೋ ತೆಗೆಸುವ ಅಂಗಡಿ ಅವಳದು.

ಓಡಿದೆ! ಅಂದರೆ ಬಸ್ಸಿನಲ್ಲಿ. ಹೋಗಿ ನೋಡಿದರೆ ಒಬ್ಬ ಕೆಂಪು ಗಡ್ಡದ ಪರದೇಶಿ, ಮೊಣಕಾಲು ಚಡ್ಡಿಯ ಮೇಲೆ ನನ್ನ ನಿಲುವಂಗಿ, ತಲೆಯ ಮೇಲೆ ನನ್ನ ಕಿರೀಟ, ಕೈಯಲ್ಲಿ ತಗಡಿನ ಕತ್ತಿ! ಕಿತ್ತುಕೊಂಡೆ.

“ಏ ತೋಟಪ್ಪ! ತಲಿಗಿಲಿ ಕೆಟ್ಟೈತೇನು ನಿನಗ? ಗಿರಾಕಿ ತಲಿಮ್ಯಾಲಿಂದ ಕಿರೀಟ ಕಸಗೊಂತಾರೇನು?” ಎಂದು ಜಂಬಕ್ಕ ಸೆರಗು ಸಿಕ್ಕಿಸಿಕೊಂಡು ಬಂದಳು. ನಾನು ಸ್ಲೇಟು ಹುಡುಕಿದೆ. ಕೊರಳಿನಿಂದ ತೆಗೆದು ಬಸ್ಸಿನಲ್ಲೇ ಬಿಟ್ಟಿದ್ದೆ! ಇನ್ನೇನು ಮಾಡಲಿ? ನಡುಬೀದಿಯಲ್ಲಿ ನಿಂತು ಇಡೀ ಕಥೆಯನ್ನು ಅಭಿನಯಿಸಿದೆ. ಯಂತ್ರವಾದೆ, ಕೋಳಿಯಾದೆ, ನಿನ್ನಪ್ಪನಾದೆ, ನಿನ್ನವ್ವನಾದೆ. ಜಂಬಕ್ಕನಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಆದರೆ ಕಣ್ಣೊರೆಸಿಕೊಂಡಳು. ಕೆಂಪು ಗಡ್ಡದವನು ಇದೂ ವೇಷದ ಜೊತೆ ಬರುವ ಆಟವೆಂದು ತಿಳಿದು ಚಪ್ಪಾಳೆ ತಟ್ಟಿದ. ಗಂಟಲು ಹೋದ ಮೇಲೆ ನನಗೆ ಬಿದ್ದ ಮೊದಲ ಚಪ್ಪಾಳೆ, ತಾಯಿ.

ಗಿರಣಿಯ ಲಾರಿಯವನ ಕೈಯಲ್ಲಿ ಕಿರೀಟ ಕಳಿಸಿದ್ದೇನೆ. ಮೈದಾ ಅಂಟಿನ ಆಸೆಗೆ ಜಿರಲೆಗಳು ಅಲ್ಲಲ್ಲಿ ಕಚ್ಚಿವೆ. ಒಡೆದುಕೋ. ದೊರೆಗೆ ಇನ್ನು ಕಿರೀಟ ಯಾಕೆ?

ತೋಟಪ್ಪ


ಹೊಸಪೇಟೆ
22 ಸೆಪ್ಟೆಂಬರ್ 2024

ದೊಡ್ಡಪ್ಪ,

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಆಗಿರಲಿಲ್ಲ. ಕಿರೀಟವನ್ನು ಇಡ್ಲಿ ಪಾತ್ರೆಯ ಆವಿಗೆ ಹಿಡಿದು ಪಟ್ಟಿಯನ್ನು ಬಿಡಿಸಿದೆ. ಜಿರಲೆ ಕಚ್ಚಿದ ಕಡೆ ಯಾವುದು ಪ್ರೋಗ್ರಾಮಿನ ತೂತು, ಯಾವುದು ಜಿರಲೆಯದು ಎಂದು ತಿಳಿಯದೆ ಕೂತಿದ್ದೇನೆ. ತಪ್ಪು ಹಾಕಿದೆ, ಯಂತ್ರ ಬಿದ್ದುಕೊಂಡಿತು. ಮತ್ತೆ ಹಾಕಿದೆ, ಮತ್ತೆ ಬಿತ್ತು. ಬಿಟ್ಟುಬಿಡೋಣ ಎಂದು ಎಷ್ಟೋ ಸಲ ಎದ್ದೆ. ಹಿಂದೆ ಅವ್ವ ಗೋಡೆಗೆ ಒರಗಿ ಕೂತಿರುತ್ತಿದ್ದಳು.

ನಿನ್ನೆ ಶನಿವಾರ ರಜೆ ಹಾಕಿಕೊಂಡು, ತೂತುಗಳ ಒಂದೊಂದೇ ಸಾಲು ನೋಡಿ, ಇಡೀ ಪಟ್ಟಿಯನ್ನು ಮತ್ತೆ ಮೊದಲಿನಿಂದ ಸ್ವಿಚ್ಚುಗಳಲ್ಲಿ ಒತ್ತಿ ತುಂಬಿಸಿದೆ. ದೀಪಗಳ ಸಾಲು ಎಡದಿಂದ ಬಲಕ್ಕೆ ಓಡಿತು. ನಿಂತಿತು. ಒಂದೇ ದೀಪ ಉಳಿಯಿತು. ಪುಸ್ತಕದ ಪ್ರಕಾರ ಅದರ ಅರ್ಥ: ಡಿಸ್ಕ್ ಕೊಡು.

“ಎದ್ದೈತವ್ವ,” ಅಂದೆ.

“ಆಯುಧ ಪೂಜಿ ಮುಂದೈತಿ. ಅವತ್ತು ಕೊಡ್ತೀನಿ,” ಅಂದಳು.

ಭವ್ಯ


ಕಂಪ್ಲಿ
29 ಸೆಪ್ಟೆಂಬರ್ 2024

ಮಗಳೇ,

ನಾಲ್ಕನೆಯ ಅಂಕ ಬಂದೊಡನೆ ನನ್ನ ಪಾರ್ಟನ್ನು ಬೇರೆಯಾಗಿ ತೆಗೆದು ಕಳಿಸು. ಪದ್ಧತಿಯಂತೆ ಬುಟ್ಟಿಯವಳದು ಕೊನೆಯ ಎರಡೇ ಪದ ಸಾಕು. ಉಳಿದದ್ದನ್ನು ಮೊದಲು ಉಚ್ಚಂಗೆಮ್ಮ ಕೇಳಬೇಕು. ಆಕೆಯ ಮಾತು, ಆಕೆಯ ಕಿವಿಗೆ. ನಾನು ಗಿರಣಿಯ ಹಿಂದೆ ಕಾಲುವೆಯ ದಂಡೆಯಲ್ಲಿ ನಿಂತು ನನ್ನ ಮಾತನ್ನು ದನಿಯಿಲ್ಲದೆ ಆಡುತ್ತೇನೆ. ನೀರಿಗೆ ಕೇಳಿಸೀತು.

ತೋಟಪ್ಪ


ಹೊಸಪೇಟೆ
14 ಅಕ್ಟೋಬರ್ 2024

ದೊಡ್ಡಪ್ಪ,

ಇದನ್ನು ಓದುವಾಗ ಕೂತುಕೊಂಡು ಓದಿ.

ಆಯುಧ ಪೂಜೆಯ ದಿನ ಪ್ರತಿ ವರ್ಷ ನಾನು ಕಾರ್ಖಾನೆಯ ಪೂಜೆಗೆ ಹೋಗುತ್ತೇನೆ. ಆ ದಿನ ಅವ್ವ ಮನೆಯಲ್ಲಿ ಏನು ಮಾಡುತ್ತಾಳೆಂದು ನೋಡಿದವಳಲ್ಲ. ಈ ಸಲ ರಜೆ ಹಾಕಿದ್ದೆ. ಅವ್ವ ತಲೆ ತುಂಬ ನೀರು ಹಾಕಿಕೊಂಡು, ಮಡಿಯುಟ್ಟು, ಜಗಲಿಯಿಂದ ಡಬ್ಬಿ ಇಳಿಸಿ, ಯಂತ್ರದ ಮುಂದೆ ಕೂತು ತೊಡೆಯ ಮೇಲೆ ಇಟ್ಟುಕೊಂಡಳು. ಪಕ್ಕದಲ್ಲಿ ಭಂಡಾರದ ಅರಿಸಿನ, ಹೂವು. ಒಂದು ಬಟ್ಟಲಲ್ಲಿ ನೆನೆಸಿದ ಹುಣಸೆಹಣ್ಣು. ಅದು ಯಾಕೆಂದು ನಾನು ಕೇಳುವ ಮೊದಲೇ ಹಿಡಿಕೆ ತಿರುಗಿಸಿ ಮುಚ್ಚಳ ತೆಗೆದಳು.

“ಹಿಂಗ ತಿರುವಿದ್ರ ಬರತೈತಿ. ನಿಮ್ಮಪ್ಪನೇ ತೋರ್ಸಿದ್ದ.”

ದೊಡ್ಡಪ್ಪ, ಡಿಸ್ಕಿನ ಬಣ್ಣ ಕಂದು ಇರಬೇಕು. ಲೋಹದ ತಟ್ಟೆಯ ಮೇಲೆ ಕಬ್ಬಿಣದ ಕೆಂಪು ಪುಡಿಯ ತೆಳುವಾದ ಲೇಪ ಇರುತ್ತದೆ. ಬರೆದದ್ದೆಲ್ಲ ಉಳಿಯುವುದು ಆ ಪುಡಿಯಲ್ಲಿ. ಅವ್ವನ ತೊಡೆಯ ಮೇಲಿದ್ದದ್ದು ಬೆಳ್ಳಿಯ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ನನ್ನ ಮುಖ ಕಾಣುತ್ತಿತ್ತು.

“ನೋಡವ್ವ, ಹೆಂಗ ಹೊಳೀತೈತಿ! ಅವರು ಕೊಟ್ಟಾಗ ಪೂರಾ ಕೆಂಪಗ ಗಣಿ ಧೂಳು ಹತ್ತಿತ್ತು. ಆ ಆಫೀಸಿನಾಗ ಯಾರರ ಒರಸತಿದ್ರೇನು? ಬಿಡಬೇಕಲ್ಲ ನಾನು! ವರ್ಷಾ ಆಯುಧ ಪೂಜಿಗೆ ಹುಣಸಿಹಣ್ಣು ಹಚ್ಚಿ ತಿಕ್ಕೀನಿ, ಎರಡೂ ಕಡಿ. ಮೊದಲ ಜಪ್ಪಯ್ಯ ಅಂದ್ರೂ ಹೋಗತಿರಲಿಲ್ಲ. ಈಗ ನೋಡು.”

ಹರೆಯದಲ್ಲಿ ತಲೆಯ ಮೇಲೆ ಅದಿರು ಹೊತ್ತವಳು. ಕೂದಲಿನಿಂದ, ಸೀರೆಯಿಂದ, ಅಪ್ಪನ ಅಂಗಿಯ ಕಾಲರಿನಿಂದ ಆ ಕೆಂಪನ್ನು ತೊಳೆಯುವುದರಲ್ಲೇ ಅವಳ ಅರ್ಧ ಆಯುಷ್ಯ ಹೋಗಿದೆ. ಅಪ್ಪನ ಒಂದೇ ಒಂದು ವಸ್ತುವಿನ ಮೇಲೂ ಅದನ್ನು ಉಳಿಯಗೊಡಲಿಲ್ಲ.

ಈ ವರ್ಷದ ತಿಕ್ಕುವುದನ್ನೂ ಮುಗಿಸಿ, ಒರೆಸಿ, ಭಂಡಾರ ಹಚ್ಚಿ, ಎರಡೂ ಕೈಯಲ್ಲಿ ಕೊಟ್ಟಳು. “ತಗೋ. ಇನ್ನ ಓದಸು.”

ಡ್ರೈವಿನಲ್ಲಿ ಇಟ್ಟೆ. ಸ್ವಿಚ್ಚು ಒತ್ತಿದೆ. ದೀಪಗಳು ಸುಮ್ಮನೆ ಮಿನುಗುವ ಹಾಗೆ ಮಾಡಿದೆ. “ಏನಂತೈತಿ?” ಎಂದಳು. “ಹಳೇದಲ್ಲೇನವ್ವ, ನಿಧಾನಕ್ಕ ಓದತೈತಿ,” ಎಂದೆ. “ಓದ್ಲಿ. ಇಷ್ಟು ದಿನ ಕಾದೀನಲ್ಲ,” ಎಂದು ಗೋಡೆಗೆ ಒರಗಿ ಕೂತಳು. ಅಂದಿನಿಂದ ದಿನವೂ ಸಂಜೆ ಬಂದು ಕೂರುತ್ತಾಳೆ. ನಾನು ದೀಪ ಹಚ್ಚುತ್ತೇನೆ.

ದೊಡ್ಡಪ್ಪ, ನಾಲ್ಕನೆಯ ಅಂಕವನ್ನು ನೀವು ಬರೆದುಕೊಡಿ. ಅಪ್ಪನ ಮಾತನ್ನು ಬಾಯಲ್ಲಿ ಇಟ್ಟುಕೊಂಡು ಬದುಕಿದವರು ನೀವೊಬ್ಬರೇ. ಬುಟ್ಟಿಯವಳ ಒಂದೇ ಒಂದು ಮಾತು ಸಾಕು. ಯಂತ್ರ ಓದಿತು ಎಂದು ನಾನು ಹೇಳುತ್ತೇನೆ.

ಭವ್ಯ


ಕಂಪ್ಲಿ
3 ನವೆಂಬರ್ 2024

ಮಗಳೇ,

ನಿನ್ನ ಪತ್ರಕ್ಕೆ ಉತ್ತರ ತಡವಾಯಿತು. ಸುಮ್ಮನೆ ಕೂತಿರಲಿಲ್ಲ. ಬರೆದೆ. ಹರಿದೆ. ಬರೆದೆ. ಹರಿದೆ. ಗಿರಣಿಯ ಒಲೆಗೆ ಹೊಟ್ಟಿನ ಜೊತೆ ನನ್ನ ಕಾಗದವನ್ನೂ ಸುರಿಯುತ್ತಿದ್ದಾರೆ.

ನನ್ನ ಕೈಯಲ್ಲಿ ಬುಟ್ಟಿಯವಳು ದೊರೆಯ ಹಾಗೆ ಗುಡುಗುತ್ತಾಳೆ. ‘ಎಲೈ ಪಾಪಿ!’ ಎನ್ನುತ್ತಾಳೆ. ಎದೆ ಬಡಿದುಕೊಳ್ಳುತ್ತಾಳೆ, ಆಕಾಶಕ್ಕೆ ಕೈ ಚಾಚುತ್ತಾಳೆ. ಬುಟ್ಟಿ ಹೊತ್ತವಳಿಗೆ ಆಕಾಶಕ್ಕೆ ಚಾಚಲು ಕೈ ಎಲ್ಲಿದೆ? ನಾಗೇಂದ್ರ ಅವಳಿಗೆ ಸಣ್ಣ ದನಿಯ ಮಾತು ಕೊಟ್ಟಿದ್ದ. ಎರಡೆರಡೇ ಪದ ನನಗೆ ಸಿಕ್ಕಿದ್ದರೂ ಅಷ್ಟು ಗೊತ್ತು. ಅಂಥ ಮಾತು ನನ್ನಿಂದ ಹುಟ್ಟುವುದಿಲ್ಲ. ಹೆಂಡತಿಗೆ ಗಂಡ ಇಟ್ಟುಹೋದ ಮಾತನ್ನು ಮೂರನೆಯವನು ಕಟ್ಟಿಕೊಡಬಾರದು, ತಾಯಿ. ಕಟ್ಟಲು ಹೋದೆ, ಆಗಲಿಲ್ಲ. ಇದೇ ಸತ್ಯ.

ನನ್ನದೆಂದು ಇರುವುದನ್ನು ಕಳಿಸುತ್ತೇನೆ. ಈ ಲಕೋಟೆಯಲ್ಲಿ ಮೊದಲ ಅಂಕದ ದೊರೆಯ ಮಾತುಗಳಿವೆ, ಒಂದಕ್ಷರ ಕೂಡಿಸಿಲ್ಲ, ಬಿಟ್ಟಿಲ್ಲ. ಮುಂದಿನ ವಾರ ಎರಡನೆಯದು, ಆಮೇಲೆ ಮೂರನೆಯದು. ಯಂತ್ರದಿಂದ ಬಂತೆಂದು ಓದಿ ಹೇಳು. ನಡುವೆ ಬೇರೆಯವರ ಮಾತು ಬರಬೇಕಾದಲ್ಲಿ, ಡಿಸ್ಕು ಅಲ್ಲಲ್ಲಿ ಕೆಟ್ಟಿದೆ, ಓದಲು ಆಗುತ್ತಿಲ್ಲ ಎನ್ನು. ನಿಧಾನವಾಗಿ ಓದು. ಒಂದು ಪುಟಕ್ಕೆ ಒಂದು ಸಂಜೆ. ಮೂರನೆಯ ಅಂಕ ಮುಗಿದ ಮೇಲೆ ಏನು ಹೇಳುವುದೋ ನನಗೆ ಗೊತ್ತಿಲ್ಲ. ಅಷ್ಟರೊಳಗೆ ನಾನೋ, ಆಕೆಯೋ, ಯಂತ್ರವೋ, ಯಾರಾದರೊಬ್ಬರು ನಿಲ್ಲಬಹುದು.

ತೋಟಪ್ಪ


ಹೊಸಪೇಟೆ
15 ಡಿಸೆಂಬರ್ 2024

ದೊಡ್ಡಪ್ಪ,

ಮೂರನೆಯ ಅಂಕವನ್ನು ಕಳಿಸಬೇಡಿ.

ಮೊದಲ ಅಂಕವನ್ನು ನೀವು ಹೇಳಿದ ಹಾಗೆ ಒಂದೊಂದೇ ಪುಟ ಓದಿದೆ. ದೊರೆ ಸಿಂಹಾಸನದ ಮೇಲೆ ಕೂತು, ‘ಈ ಗುಡ್ಡ ನನ್ನ ಅಪ್ಪನದು, ಅಪ್ಪನ ಅಪ್ಪನದು, ನನ್ನದನ್ನು ನಾನು ಮಾರಿದರೆ ಕೇಳುವವರಾರು?’ ಎಂದು ನಗುವಲ್ಲಿ ಅವ್ವನೂ ನಕ್ಕಳು. “ತೋಟಪ್ಪಣ್ಣ ಇದನ್ನ ಅಂದಿದ್ರ ಛತ್ತು ಹಾರತಿತ್ತು” ಎಂದಳು. ನನಗೆ ಧೈರ್ಯ ಬಂತು. ಎರಡನೆಯ ಅಂಕ ಶುರು ಮಾಡಿದೆ. ಬುಟ್ಟಿಯವಳ ಮಾತು ಬರಬೇಕಾದಲ್ಲೆಲ್ಲ ನೀವು ಬರೆದ ಕೊನೆಯ ಎರಡು ಪದ ಓದಿ, ಉಳಿದದ್ದಕ್ಕೆ ‘ಇಲ್ಲಿ ಕೆಟ್ಟೈತವ್ವ’ ಎನ್ನುತ್ತಾ ಬಂದೆ. ಅವಳು ಹೂಂ ಎನ್ನುತ್ತಿದ್ದಳು. ಆಮೇಲಾಮೇಲೆ ಹೂಂ ಎನ್ನುವುದೂ ನಿಂತಿತು.

ಮೊನ್ನೆ ಬುಧವಾರ ಸಂಜೆ ಎರಡನೆಯ ಅಂಕದ ಕೊನೆಯ ಪುಟ. ಓದಿ ಮುಗಿಸಿದೆ. ಅವ್ವ ಯಂತ್ರದ ಕಡೆ ತಿರುಗಿಯೇ ಇದ್ದಳು. ದೀಪ ಮಿನುಗುತ್ತಿತ್ತು.

“ಭವ್ಯಾ, ಈ ಮಷಿನಿಗೆ ದೊರೀ ಮಾತಷ್ಟೇ ಓದಾಕ ಬರತೈತೇನು?”

ನಾನು ಇನ್ನೊಂದು ಸ್ವಿಚ್ಚು ಒತ್ತಿದೆ.

“ಎದುರಿನವರದು ಎರಡೆರಡೇ ಪದ ಬರಾಕತ್ತಾವು. ಹಂಗ ಪಾರ್ಟಿನ ಕಾಗದದಾಗ ಇರತೈತಿ, ನಾ ಕಂಡೀನಿ. ನಿಮ್ಮಪ್ಪ ತೋಟಪ್ಪಣ್ಣನ ಪಾರ್ಟು ತೆಗದಾಗ ಆ ಹಾಳಿ ಮಡಚಿಕೊಟ್ಟಾಕಿ ನಾನೇ.” ಆಮೇಲೆ ಅಂದಳು: “ಆತ ನಾಟಕ ಬರದಿದ್ದು ಆಕಿ ಸಲುವಾಗಿ. ಆಕೀದೇ ಒಂದು ಮಾತಿಲ್ಲ. ಆರಸವ್ವ. ಕರೆಂಟ್ ಯಾಕ ದಂಡ.”

ಆರಿಸಿದೆ. ಫ್ಯಾನು ನಿಲ್ಲುವ ತನಕ ಕೂತಿದ್ದಳು. ನಿಂತ ಮೇಲೆ, “ತೋಟಪ್ಪಣ್ಣಗ ಬೈಬ್ಯಾಡ. ಪಾಪ, ದನಿ ಇಲ್ದಾಂವ, ಇಷ್ಟು ಬರದು ಕಳಿಸ್ಯಾನ” ಎಂದು ಎದ್ದು ಹೋದಳು. ಡಿಸ್ಕಿಗೆ ಏನಾಯಿತು, ಮಾತು ಯಾಕೆ ಬರಲಿಲ್ಲ ಎಂದು ಅವಳು ಕೇಳಲಿಲ್ಲ. ನಾನು ಹೇಳಿಲ್ಲ. ನೀವೂ ಹೇಳಬೇಡಿ.

ಡಬ್ಬಿಯನ್ನು ಮತ್ತೆ ಜಗಲಿಯ ಮೇಲೆ ಇಟ್ಟಿದ್ದೇನೆ. ಉಳಿದ ದೇವರಿಗೆಲ್ಲ ಶುಕ್ರವಾರ ಭಂಡಾರ ಹಚ್ಚಿದಳು, ಅದಕ್ಕೆ ಹಚ್ಚಲಿಲ್ಲ.

ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ಅದಿರಿನ ಲಾರಿಗಳು ಓಡಾಡುತ್ತವೆ. ಬೆಳಗಾದರೆ ಕಿಟಕಿ, ಬಾಗಿಲು, ಯಂತ್ರ, ಎಲ್ಲದರ ಮೇಲೂ ಕೆಂಪು ಧೂಳು. ಅವ್ವನ ಜೀವಮಾನದಲ್ಲಿ ಅದು ಮಧ್ಯಾಹ್ನದ ತನಕ ಉಳಿದದ್ದಿಲ್ಲ. ಇವತ್ತು ಬೆಳಿಗ್ಗೆ ನಾನು ಒದ್ದೆ ಬಟ್ಟೆ ಹಿಡಿದು ಯಂತ್ರದ ಹತ್ತಿರ ಹೋದೆ. ಅವಳು ಗೋಡೆಗೆ ಒರಗಿ ಕೂತಿದ್ದಳು. ಕೈ ಅಡ್ಡ ಚಾಚಿದಳು.

“ಒರಸಬ್ಯಾಡ,” ಎಂದಳು. “ಇರಲಿ ಬಿಡು.”

ನಿಮ್ಮ ಮಗಳು,
ಭವ್ಯ